‘ಡಾಕ್ಟರ್ ಹೂ’ ಮತ್ತೆ ನೋಡೋದಾದರೆ ಯಾವ ದಾರಿ ಹಿಡಿಯಬೇಕು?

“ಎಷ್ಟೋ ವರ್ಷದ ಹಿಂದೆ ನೋಡಿದ್ದೆ. ಈಗ ಮತ್ತೆ ನೋಡಬೇಕು, ಈ ಸಲ ಸ್ವಲ್ಪ ವಿಮರ್ಶೆ ಮಾಡ್ತಾ ನೋಡಬೇಕು. ಎಲ್ಲಿಂದ ಶುರು ಮಾಡಲಿ?” ‘ಡಾಕ್ಟರ್ ಹೂ’ ಮೆಚ್ಚಿಕೊಂಡವರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. 1963ರಿಂದಲೇ ಹೋಗಬೇಕಾ? 2005ರಿಂದ ಸಾಕಾ? ನಾಯಕನಾಗಿ ಟಾಮ್ ಬೇಕರ್ ನಟಿಸಿದ ಕಾಲದ್ದು ಮಾತ್ರ ನೋಡಿದರೆ ಆಗಲ್ವಾ? ಯಾರೋ ಮಾಡಿಟ್ಟ ಟಾಪ್ ಟೆನ್ ಪಟ್ಟಿ ಹಿಡಿದು ಮುಗಿಸಿಬಿಟ್ಟರೆ?

ಗೊಂದಲ ಆಗೋದು ಸಹಜವೇ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಪಯಣಿಸುವ ‘ಡಾಕ್ಟರ್’ ಎಂಬವನ ಕಥೆ, 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ಟಿವಿ ಸರಣಿ ಇದು. 1989ರಲ್ಲಿ ನಿಲ್ಲುವ ಹೊತ್ತಿಗೆ ಹತ್ತಿರ ಹತ್ತಿರ 700 ಕಂತು ಆಗಿತ್ತು. 1996ರಲ್ಲಿ ಒಂದು ಟಿವಿ ಸಿನಿಮಾ ಬಂತು. 2005ರಲ್ಲಿ ಸರಣಿ ಮತ್ತೆ ಶುರುವಾಯಿತು. ನಟ ಬದಲಾದಾಗ ಕಥಾನಾಯಕನೇ ಹೊಸ ಮೈ, ಹೊಸ ಸ್ವಭಾವ ತಾಳುತ್ತಾನೆ. ನಿರ್ಮಾಪಕ ಬದಲಾದರೆ ಸರಣಿಯ ಜಾಯಮಾನವೇ ಬದಲಾಗುತ್ತದೆ. ಹಾಗಾಗಿ ‘ಡಾಕ್ಟರ್ ಹೂ ನನಗಿಷ್ಟ’ ಅನ್ನುವ ಇಬ್ಬರು ಎರಡು ಬೇರೆ ಬೇರೆ ಸರಣಿಗಳ ಬಗ್ಗೆ ಮಾತಾಡ್ತಿರಬಹುದು.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಅರ್ಧ ನಿರ್ಧಾರ ಆದಂತೆ.

ಕೈಗೆ ಏನು ಸಿಗುತ್ತದೆ, ಎಷ್ಟು ಖರ್ಚು ಮಾಡಬಲ್ಲಿರಿ? ಬ್ರಿಟನ್ನಿನಲ್ಲಿ ಇರುವ ಕನ್ನಡಿಗರಿಗೆ ಇದು ಸುಲಭ. 2023ರ ನವೆಂಬರ್‌ನಲ್ಲಿ ಬಿಬಿಸಿ ತನ್ನ ಸ್ಟ್ರೀಮಿಂಗ್ ಸೇವೆ ಐಪ್ಲೇಯರ್‌ನಲ್ಲಿ 800ಕ್ಕೂ ಹೆಚ್ಚು ಕಂತುಗಳನ್ನು ಒಟ್ಟಿಗೆ ಹಾಕಿತು. ಟಿವಿ ಲೈಸೆನ್ಸ್ ಇದ್ದರೆ ಬೇರೆ ದುಡ್ಡು ಬೇಡ. ಭಾರತದಲ್ಲಿ ಸ್ಟ್ರೀಮಿಂಗ್ ಹಕ್ಕು ಕೈ ಬದಲಾಯಿಸ್ತಾ ಇರುತ್ತದೆ. ಹಾಗಾಗಿ ಇವತ್ತು ಯಾವ ಆಪ್‌ನಲ್ಲಿ ಏನಿದೆ ಅಂತ ಹುಡುಕಿ ನೋಡಿಯೇ ದಾರಿ ಆರಿಸಿ. ಡಿವಿಡಿ ತರಿಸೋದಾದರೆ ಒಂದು ಮಾತು: ಬ್ರಿಟನ್ನಿನದು ರೀಜನ್ 2, ನಮ್ಮದು ರೀಜನ್ 5. ಪ್ಲೇಯರ್ ಎಲ್ಲ ರೀಜನ್ ಓಡಿಸುತ್ತದಾ ಅಂತ ನೋಡದೆ ದುಡ್ಡು ಹಾಕಬೇಡಿ.

ನಿಧಾನವನ್ನು ಎಷ್ಟು ಸಹಿಸ್ತೀರಿ? ಹಳೆಯ ಕಂತುಗಳು 25 ನಿಮಿಷದವು. ಒಂದು ಕಥೆಗೆ ನಾಲ್ಕು, ಆರು, ಕೆಲವು ಸಲ ಏಳು ಕಂತು. ಹೊಸದರಲ್ಲಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಲ್ಲಿ ಕಥೆ ಮುಗಿದಿರುತ್ತದೆ.

ಕೊನೆಯ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಮತ್ತೆ ನೋಡ್ತಿರೋದು ಯಾಕೆ? ಹಳೆಯ ಖುಷಿ ಬೇಕಾ, ಸರಣಿ ಹೇಗೆ ಬೆಳೆಯಿತು ಅಂತ ತಿಳೀಬೇಕಾ, ಅಥವಾ ಗೆಳೆಯರ ಜೊತೆ ಕೂತು ವಾದ ಮಾಡಬೇಕಾ? ಈ ಮೂರಕ್ಕೂ ಒಂದೇ ದಾರಿ ಇಲ್ಲ. ‘ಮೊದಲಿಂದ ಕೊನೇವರೆಗೆ ನೋಡಿದವರೇ ನಿಜವಾದ ಅಭಿಮಾನಿ’ ಅನ್ನುವ ಮಾತಿಗೆ ಕಿವಿಗೊಡಬೇಡಿ. ಆ ಜಿದ್ದಿಗೆ ಬಿದ್ದು ಆರನೇ ಕಥೆಗೆ ಕೈಬಿಟ್ಟವರೇ ಜಾಸ್ತಿ.

1963ರಿಂದ ಸಾಲಾಗಿ

ಲೆಕ್ಕ ಹಾಕಿ. 700 ಕಂತು, ತಲಾ 25 ನಿಮಿಷ ಅಂದರೆ 290 ಗಂಟೆ ಚಿಲ್ಲರೆ. ದಿನಕ್ಕೊಂದು ತಪ್ಪದೆ ನೋಡಿದರೂ ಎರಡು ವರ್ಷದ ಹತ್ತಿರ. ವಾರಕ್ಕೆ ಮೂರಾದರೆ ನಾಲ್ಕೂವರೆ ವರ್ಷ.

ಇಷ್ಟಾಗಿಯೂ ಈ ದಾರಿಯಲ್ಲಿ ಸಿಗುವುದು ಬೇರೆ ಕಡೆ ಸಿಗಲ್ಲ. ಮೊದಲ ಕಂತನ್ನೇ ನೋಡಿ. ಇಬ್ಬರು ಶಾಲಾ ಮೇಷ್ಟ್ರು, ಇಯಾನ್ ಮತ್ತು ಬಾರ್ಬರಾ, ಒಬ್ಬ ವಿಚಿತ್ರ ಹುಡುಗಿಯ ಬೆನ್ನು ಹಿಡಿದು ರಾತ್ರಿ ಹೊತ್ತಲ್ಲಿ ಗುಜರಿ ಅಂಗಳಕ್ಕೆ ಬರುತ್ತಾರೆ. ಅಲ್ಲೊಂದು ಪೊಲೀಸ್ ಪೆಟ್ಟಿಗೆ (ಬೀದಿಯ ಫೋನ್ ಗೂಡಿನಂಥದ್ದು, ಡಾಕ್ಟರನ ವಾಹನ ಅದೇ). ಇಯಾನ್ ಅದರ ಮೇಲೆ ಕೈ ಇಟ್ಟವನು ತಟ್ಟನೆ ಹಿಂದೆ ಸರಿಯುತ್ತಾನೆ. ಪೆಟ್ಟಿಗೆ ಸಣ್ಣಗೆ ನಡುಗುತ್ತಿದೆ, ಜೀವ ಇದ್ದಂತೆ. ಗ್ರಾಫಿಕ್ಸ್ ಇಲ್ಲ, ಏನಿಲ್ಲ. ಒಬ್ಬ ನಟನ ಕೈ, ಒಂದು ಗುಂಯ್ ಅನ್ನುವ ಸದ್ದು, ಅಷ್ಟೇ. ಇದನ್ನು ನಿರ್ದೇಶಿಸಿದ್ದು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗೆ 25ರ ಆಸುಪಾಸು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಆಗ ಬಿಬಿಸಿ ಟಿವಿ ನಾಟಕ ವಿಭಾಗದಲ್ಲಿದ್ದ ಏಕೈಕ ಮಹಿಳಾ ನಿರ್ಮಾಪಕಿ. ಕೆನಡಿ ಹತ್ಯೆಯಾದ ಮರುದಿನ ಪ್ರಸಾರವಾದ ಈ ಕಂತನ್ನು ಮುಂದಿನ ವಾರ ಎರಡನೇ ಕಂತಿನ ಮುಂಚೆ ಇನ್ನೊಮ್ಮೆ ತೋರಿಸಬೇಕಾಯಿತು.

ಸಾಲಾಗಿ ನೋಡಿದರೆ ಆಯಾ ಕಾಲಕ್ಕೆ ನ್ಯಾಯ ಸಿಗುತ್ತದೆ. ಸ್ಟುಡಿಯೋ ಎಷ್ಟು ಇಕ್ಕಟ್ಟು, ದುಡ್ಡು ಎಷ್ಟು ಕಡಿಮೆ ಅಂತ ಕಣ್ಣಿಗೆ ಅಭ್ಯಾಸ ಆದಮೇಲೆ ಒಬ್ಬ ನಿರ್ದೇಶಕ ಅದರಲ್ಲೇ ಏನು ಸಾಧಿಸಿದ ಅನ್ನೋದು ಕಾಣತೊಡಗುತ್ತದೆ.

ತೊಡಕು ಎರಡು. ಐಪ್ಲೇಯರ್‌ಗೆ ಎಲ್ಲ ಬಂದಾಗಲೂ ಹಕ್ಕಿನ ತಕರಾರಿನಿಂದ ಈ ಮೊದಲ ಕಥೆಯೇ ಬಂದಿರಲಿಲ್ಲ. ಇನ್ನೊಂದು, ವಿಡಿಯೊ ಟೇಪ್ ದುಬಾರಿ ಅಂತ ಬಿಬಿಸಿ ಹಳೆಯದನ್ನು ಅಳಿಸಿ ಮೇಲೆ ಹೊಸದು ಮುದ್ರಿಸಿತ್ತು. ಮೊದಲ ಆರು ವರ್ಷದ 253 ಕಂತುಗಳಲ್ಲಿ 90ಕ್ಕೂ ಹೆಚ್ಚು ಈಗ ಇಲ್ಲ. ಆದರೆ ಕಳೆದುಹೋದ ಪ್ರತಿ ಕಂತಿನ ಧ್ವನಿ ಉಳಿದಿದೆ. ಆ ಕಾಲದ ಹುಡುಗರು ಮನೆಯಲ್ಲಿ ಟಿವಿಯ ಸದ್ದನ್ನು ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟ ಪುಣ್ಯ ಅದು. 2016ರಲ್ಲಿ ‘ದಿ ಪವರ್ ಆಫ್ ದಿ ಡಾಲೆಕ್ಸ್’ (ಡಾಲೆಕ್‌ಗಳು ಅಂದರೆ ಲೋಹದ ಕವಚದೊಳಗಿನ ಜೀವಿಗಳು, ಡಾಕ್ಟರನ ಬದ್ಧವೈರಿಗಳು) ಕಥೆಯ ಆರೂ ಕಂತುಗಳನ್ನು ಆ ಧ್ವನಿಗೆ ಹೊಂದಿಸಿ ಅನಿಮೇಷನ್ ಮಾಡಿದರು. ಅನಿಮೇಷನ್ ಸ್ವಲ್ಪ ಸೆಟೆದುಕೊಂಡಂತಿದೆ, ನಿಜ. ಕಣ್ಣು ಮುಚ್ಚಿ ಬರೀ ಧ್ವನಿ ಕೇಳಿದರೆ ನನಗೆ ಹೆಚ್ಚು ಹಿಡಿಸುತ್ತದೆ.

ಈಚೆಗೆ ಒಂದು ಅಡ್ಡದಾರಿಯೂ ಬಂದಿದೆ. ಏಳು ಕಂತಿನ ಮೊದಲ ಡಾಲೆಕ್ ಕಥೆಗೆ 2023ರಲ್ಲಿ ಬಣ್ಣ ಹಚ್ಚಿ, 75 ನಿಮಿಷಕ್ಕೆ ಇಳಿಸಿ ಬಿಟ್ಟರು. ಮರುವರ್ಷ ಹತ್ತು ಕಂತಿನ ‘ದಿ ವಾರ್ ಗೇಮ್ಸ್’ ಕೂಡ ಒಂದೂವರೆ ಗಂಟೆಗೆ ಇಳಿಯಿತು. ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೂ ಕಾಲಮಿತಿ ಆಟಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಕಥೆ ಪೂರ್ತಿ ಸಿಗುತ್ತದೆ, ನಡುನಡುವಿನ ಸಾವಧಾನ ಹೋಗುತ್ತದೆ. ಮನೆಯ ಮಕ್ಕಳನ್ನು ಕೂರಿಸಿಕೊಳ್ಳಲು ಬಣ್ಣದ್ದೇ ಸರಿ. ವಿಮರ್ಶೆ ಮಾಡುವವರು ಮೂಲ ನೋಡದೆ ಬಾಯಿ ತೆಗೆಯಬಾರದು.

2005ರಿಂದ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ರಿಸ್ಟಫರ್ ಎಕಲ್‌ಸ್ಟನ್‌ರ ಒಂದೇ ಸೀಸನ್, 13 ಕಂತು. ಆಮೇಲೆ ಡೇವಿಡ್ ಟೆನಂಟ್. ಹಿಂದಿನದೇನೂ ಗೊತ್ತಿರಬೇಕಾಗಿಲ್ಲ. ಮನೆಯವರೆಲ್ಲ ಕೂತು ನೋಡಬಹುದು. ಸಿಗುವುದೂ ಹಳೆಯದಕ್ಕಿಂತ ಸುಲಭ. ನೀವು ಮೊದಲ ಸಲ ನೋಡಿದ್ದು ಇದನ್ನೇ ಆಗಿದ್ದರೆ, ಬೇಕಾದದ್ದು ಹಳೆಯ ಖುಷಿ ಮಾತ್ರ ಆಗಿದ್ದರೆ, ಮುಂದಕ್ಕೆ ಓದದೆ ಇದನ್ನೇ ಹಾಕಿಕೊಂಡು ಕೂರಿ.

ಒಂದೇ ಎಚ್ಚರಿಕೆ. ಕಥೆಯ ಗುಟ್ಟು ಗೊತ್ತಿದ್ದು ಎರಡನೇ ಸಲ ನೋಡುವಾಗ ಕೆಲವು ಕಂತು ಸಪ್ಪೆ ಎನಿಸುತ್ತವೆ, ಕೆಲವು ಇನ್ನೂ ಗಟ್ಟಿಯಾಗುತ್ತವೆ. 2008ರ ‘ಮಿಡ್‌ನೈಟ್’ ಎರಡನೇ ಜಾತಿಯದ್ದು. ಒಂದು ವಾಹನ, ಒಳಗೆ ಒಂದಷ್ಟು ಪ್ರಯಾಣಿಕರು. ಒಬ್ಬಾಕೆಯ ಮೈಮೇಲೆ ಏನೋ ಬಂದಿದೆ. ಮೊದಲು ಆಕೆ ಉಳಿದವರು ಆಡಿದ ಮಾತನ್ನೇ ಅವರ ನಂತರ ಉಚ್ಚರಿಸುತ್ತಾಳೆ. ಆಮೇಲೆ ಜೊತೆಜೊತೆಗೇ. ಆಮೇಲೆ ಡಾಕ್ಟರನಿಗಿಂತ ಮೊದಲೇ. ಆ ಪ್ರಾಣಿ ಏನು ಅಂತ ಕೊನೆಗೂ ತೋರಿಸುವುದಿಲ್ಲ. ಮೊದಲ ಸಲ ಕಣ್ಣು ಆಕೆಯ ಮೇಲೇ ಇರುತ್ತದೆ. ಎರಡನೇ ಸಲ ಉಳಿದ ಪ್ರಯಾಣಿಕರ ಮುಖ ನೋಡಿ. ಸಭ್ಯರು ಯಾವ ಗಳಿಗೆಯಲ್ಲಿ ಗುಂಪಾಗಿ ಬದಲಾದರು ಅಂತ ಬೆರಳಿಟ್ಟು ತೋರಿಸಬಹುದು.

ಒಬ್ಬ ಡಾಕ್ಟರ್, ಒಂದು ಕಾಲ

ಸಮಯ ಕಡಿಮೆ, ಆದರೆ ಹಳೆಯದರ ರುಚಿ ಬೇಕು ಅನ್ನುವವರಿಗೆ ಇದು. ಡಿಸ್ಕ್ ಕೊಳ್ಳುವವರಿಗೂ ಅನುಕೂಲ, ಯಾಕಂದರೆ ಬ್ಲೂ-ರೇ ಪೆಟ್ಟಿಗೆಗಳು ಸೀಸನ್ ಲೆಕ್ಕದಲ್ಲೇ ಬರುತ್ತವೆ. ಒಂದು ಪೆಟ್ಟಿಗೆಗೆ ಮಾತ್ರ ದುಡ್ಡು ಹಾಕಿ, ಹಿಡಿಸಿದರೆ ಮುಂದಿನದು.

ಯಾರನ್ನು ಆರಿಸೋದು? ಹೆಚ್ಚಿನವರ ಉತ್ತರ ಟಾಮ್ ಬೇಕರ್. 1974ರಿಂದ 1981ರವರೆಗೆ ಏಳು ವರ್ಷ, ಉಳಿದ ಯಾರಿಗಿಂತಲೂ ದೀರ್ಘ. ಆದರೆ ‘ಟಾಮ್ ಬೇಕರ್ ಕಾಲ’ ಅಂತ ಒಂದೇ ಇಲ್ಲ, ಸ್ವಾಮಿ. ಮೊದಲ ಮೂರು ಸೀಸನ್ನು ಬಹುಪಾಲು ನಿರ್ಮಾಪಕ ಫಿಲಿಪ್ ಹಿಂಚ್‌ಕ್ಲಿಫ್ ಮತ್ತು ಸ್ಕ್ರಿಪ್ಟ್ ಎಡಿಟರ್ ರಾಬರ್ಟ್ ಹೋಮ್ಸ್ ಅವರದ್ದು. ಕತ್ತಲೆ, ಹಳೆ ಬಂಗಲೆ, ಭಯ. 1976ರ ‘ದಿ ಡೆಡ್ಲಿ ಅಸಾಸಿನ್’ನಲ್ಲಿ ಡಾಕ್ಟರನ ತಲೆಯನ್ನು ನೀರಲ್ಲಿ ಅದುಮಿ ಹಿಡಿದ ಕಡೆ ಚಿತ್ರ ನಿಲ್ಲಿಸಿ ಕಂತು ಮುಗಿಸಿದ್ದರು. ಟಿವಿಯಲ್ಲಿ ಹಿಂಸೆ, ಅಶ್ಲೀಲತೆ ಬೇಡ ಅಂತ ಚಳವಳಿ ಮಾಡುತ್ತಿದ್ದ ಮೇರಿ ವೈಟ್‌ಹೌಸ್ ದೊಡ್ಡ ಗಲಾಟೆ ಎಬ್ಬಿಸಿದರು. ನಂತರ ಬಂದ ಗ್ರಹಾಂ ವಿಲಿಯಮ್ಸ್ ಅವರಿಗೆ ಭಯ ಕಮ್ಮಿ ಮಾಡಿ ಅಂತ ಮೇಲಿನಿಂದ ಸೂಚನೆ ಬಂತು. ಅವರ ಕೊನೆಯ ಸೀಸನ್ನಿಗೆ ಹಾಸ್ಯ ಲೇಖಕ ಡಗ್ಲಸ್ ಆಡಮ್ಸ್ ಸ್ಕ್ರಿಪ್ಟ್ ಎಡಿಟರ್. ಪ್ಯಾರಿಸ್‌ಗೇ ಹೋಗಿ ಚಿತ್ರೀಕರಿಸಿದ 1979ರ ‘ಸಿಟಿ ಆಫ್ ಡೆತ್’ನಲ್ಲಿ ಮಾತೇ ಬಂಡವಾಳ, ನಗುವೇ ಲಾಭ.

ಭಯ ಇಷ್ಟವಾದರೆ ಮೊದಲ ಮೂರು ಸೀಸನ್: ಸುಮಾರು 70 ಕಂತು, 30 ಗಂಟೆ. ನಗು ಇಷ್ಟವಾದರೆ ‘ಸಿಟಿ ಆಫ್ ಡೆತ್’ನ ನಾಲ್ಕು ಕಂತು ನೋಡಿ, ಅಲ್ಲಿಂದ ಮುಂದೆ ಹೋಗಬೇಕಾ ಅಂತ ಆಗ ಯೋಚಿಸಿ.

ಇಲ್ಲಿ ಸ್ಪೆಷಲ್ ಎಫೆಕ್ಟ್‌ಗಳಿಗೆ ನಗುವ ಚಟ ಬಿಡಬೇಕು. 1975ರ ‘ದಿ ಆರ್ಕ್ ಇನ್ ಸ್ಪೇಸ್’ನಲ್ಲಿ ಒಬ್ಬ ಮನುಷ್ಯ ಮೆಲ್ಲಗೆ ಹುಳುವಾಗಿ ಮಾರ್ಪಡುತ್ತಾನೆ. ಅವನ ಕೈಗೆ ಸುತ್ತಿರುವುದು ಹಸಿರು ಬಣ್ಣ ಬಳಿದ ಬಬಲ್ ರ‍್ಯಾಪ್, ಪಾರ್ಸೆಲ್‌ಗೆ ಸುತ್ತುವ ಅದೇ ಗುಳ್ಳೆಗಳ ಪ್ಲಾಸ್ಟಿಕ್. ಇವತ್ತು ಎಂಥವರಿಗೂ ಗೊತ್ತಾಗುತ್ತದೆ. ಈಗ ಆ ನಟನ ಮುಖ ನೋಡಿ. ತನ್ನದೇ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲು ಹೆದರುವ ಮನುಷ್ಯ ಅವನು. ನಟ ನಂಬಿದ್ದಾನೆ, ಕಥೆ ನಿಂತಿದೆ. ಬಬಲ್ ರ‍್ಯಾಪ್ ಕಂಡಿತು ಅಂತ ಬರೆಯುವುದು ವಿಮರ್ಶೆ ಅಲ್ಲ, ಅದು ಎಲ್ಲರಿಗೂ ಕಂಡಿದೆ.

ಒಂದು ಎಳೆ ಹಿಡಿದು

ಡಾಲೆಕ್‌ಗಳ ಎಳೆ ಹಿಡಿದು ನೋಡಿ: ಮೊದಲ ಕಥೆ (1963–64), ‘ಜೆನೆಸಿಸ್ ಆಫ್ ದಿ ಡಾಲೆಕ್ಸ್’ (1975), ‘ರಿಮೆಂಬ್ರೆನ್ಸ್ ಆಫ್ ದಿ ಡಾಲೆಕ್ಸ್’ (1988), ‘ಡಾಲೆಕ್’ (2005). ಒಟ್ಟು 18 ಕಂತು, ಎಂಟು ಗಂಟೆಗೂ ಸ್ವಲ್ಪ ಕಡಿಮೆ. ನಾಲ್ಕು ವಾರಾಂತ್ಯ ಸಾಕು.

ಎರಡನೆಯದರಲ್ಲಿ ಡಾಲೆಕ್‌ಗಳ ಹುಟ್ಟನ್ನೇ ಅಳಿಸುವ ಅವಕಾಶ ಡಾಕ್ಟರನಿಗೆ ಸಿಗುತ್ತದೆ. ಎರಡು ತಂತಿ ಕೈಯಲ್ಲಿವೆ. ಮುಟ್ಟಿಸಿದರೆ ಮುಗಿಯಿತು. ಅವನು ಮುಟ್ಟಿಸುವುದಿಲ್ಲ, ತನಗೆ ಆ ಹಕ್ಕಿದೆಯಾ ಅಂತ ಕೇಳುತ್ತಾ ನಿಲ್ಲುತ್ತಾನೆ. 30 ವರ್ಷದ ನಂತರ, ನಾಲ್ಕನೆಯದರಲ್ಲಿ, ಅದೇ ಮನುಷ್ಯ ಸರಪಳಿಯಲ್ಲಿ ಕಟ್ಟಿಹಾಕಿದ ಒಂಟಿ ಡಾಲೆಕ್ ಎದುರು ಕೂಗಾಡಿ, ಅದನ್ನು ಕೊಲ್ಲಲು ಹೊರಡುತ್ತಾನೆ. ನೀನೇ ಒಳ್ಳೆಯ ಡಾಲೆಕ್ ಆಗ್ತಿದ್ದೆ ಅಂತ ಅದು ಅವನಿಗೆ ಹೇಳುತ್ತದೆ. ಇವೆರಡನ್ನು ಹತ್ತಿರ ಹತ್ತಿರ ನೋಡಿದಾಗ ಸಿಗುವುದು, ವರ್ಷಗಳ ಅಂತರದಲ್ಲಿ ನೋಡಿದರೆ ಕೈತಪ್ಪುತ್ತದೆ. ಈ ದಾರಿಯ ಕೊರತೆ ಅಂದರೆ ಸರಣಿ ಬರೀ ಡಾಲೆಕ್‌ಗಳದ್ದು ಅನಿಸಿಬಿಡುವುದು.

ಜೋಡಿ ಕಟ್ಟಿ ನೋಡುವುದು

ನನ್ನ ಓಟು ಇದಕ್ಕೆ. ವಿಮರ್ಶೆ ಮಾಡುವ ಉದ್ದೇಶ ಇದ್ದರಂತೂ ಕಣ್ಣು ಮುಚ್ಚಿ ಇದನ್ನು ಆರಿಸಿ. ಹೊಗಳಿಸಿಕೊಂಡದ್ದು ಒಂದು, ಬೈಸಿಕೊಂಡದ್ದು ಒಂದು, ಎರಡೂ ಒಂದೇ ಕಾಲದ್ದು. ಒಂದರ ಹಿಂದೆ ಒಂದು ನೋಡಿ.

1984ರ ಜೋಡಿಯಷ್ಟು ಚೆಂದದ್ದು ಮತ್ತೊಂದಿಲ್ಲ. ಪೀಟರ್ ಡೇವಿಸನ್ ಅವರ ಕೊನೆಯ ಕಥೆ ‘ದಿ ಕೇವ್ಸ್ ಆಫ್ ಆಂಡ್ರೊಜಾನಿ’. ಅದು ಮುಗಿದ ಮುಂದಿನ ವಾರವೇ ಕಾಲಿನ್ ಬೇಕರ್ ಅವರ ಮೊದಲ ಕಥೆ ‘ದಿ ಟ್ವಿನ್ ಡಿಲೆಮಾ’. ‘ಡಾಕ್ಟರ್ ಹೂ ಮ್ಯಾಗಜೀನ್’ 2009ರಲ್ಲಿ ಓದುಗರ ಮತ ಕೇಳಿ 200 ಕಥೆಗಳನ್ನು ಸಾಲಾಗಿ ನಿಲ್ಲಿಸಿತು. ಮೊದಲನೆಯದು ‘ಆಂಡ್ರೊಜಾನಿ’, 200ನೆಯದು ‘ಟ್ವಿನ್ ಡಿಲೆಮಾ’. ಅದೇ ನಿರ್ಮಾಪಕ, ಅದೇ ಸ್ಕ್ರಿಪ್ಟ್ ಎಡಿಟರ್, ಅದೇ ಸಹನಟಿ. ಹಾಗಾದರೆ ಎಲ್ಲಿ ಕೆಟ್ಟಿತು?

‘ಆಂಡ್ರೊಜಾನಿ’ಯಲ್ಲಿ ಡಾಕ್ಟರನಿಗೆ ಜಗತ್ತನ್ನು ಉಳಿಸುವ ಉಸಾಬರಿ ಇಲ್ಲ. ಅವನಿಗೂ ಜೊತೆಗಾತಿ ಪೆರಿಗೂ ವಿಷ ತಗುಲಿದೆ. ಅವಳನ್ನು ಬದುಕಿಸಿದರೆ ಸಾಕು ಅಂತ ಓಡುತ್ತಾನೆ, ಕೊನೆಗೆ ಇರುವ ಒಬ್ಬರ ಮದ್ದನ್ನು ಅವಳಿಗೆ ಕುಡಿಸುತ್ತಾನೆ. ನಾಲ್ಕು ಕಂತಿಗೂ ಒಂದೇ ಬಿಗಿ. ಇದರಲ್ಲೂ ಒಂದು ರಬ್ಬರ್ ಪ್ರಾಣಿ ಇದೆ, ನೋಡಲಾಗುವುದಿಲ್ಲ. ಮೊರ್ಗಸ್ ಅನ್ನುವ ವ್ಯಾಪಾರಿ ಕ್ಯಾಮೆರಾ ಕಡೆಗೆ ತಿರುಗಿ, ನಮ್ಮ ನಾಟಕದ ಸ್ವಗತದ ಹಾಗೆ, ತನ್ನ ಸಂಚನ್ನು ನಮಗೇ ಹೇಳುತ್ತಾನೆ. ನಟ ಸ್ಕ್ರಿಪ್ಟಿನ ಸೂಚನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಹಾಗೆ ಮಾಡಿದ್ದರು, ನಿರ್ದೇಶಕ ಗ್ರೇಮ್ ಹಾರ್ಪರ್‌ಗೆ ಅದು ಹಿಡಿಸಿ ಹಾಗೇ ಇಟ್ಟುಕೊಂಡರು. ಮುಂದಿನ ಕಥೆಯ ಮೊದಲ ಕಂತಲ್ಲಿ ಹೊಸ ಡಾಕ್ಟರ್ ಅದೇ ಪೆರಿಯ ಕತ್ತು ಹಿಸುಕುತ್ತಾನೆ. ತನ್ನ ಜೀವ ಕೊಟ್ಟು ಉಳಿಸಿದ ಹುಡುಗಿ! ರೂಪ ಬದಲಾದ ಗಲಿಬಿಲಿ ಅಂತ ಕಥೆ ಸಮಜಾಯಿಷಿ ಕೊಡುತ್ತದೆ. ನೋಡುವವರ ಮನಸ್ಸು ಒಪ್ಪಲಿಲ್ಲ. ಕಾಲಿನ್ ಬೇಕರ್ ಕೆಟ್ಟ ನಟ ಅಲ್ಲವೇ ಅಲ್ಲ. ಪಾತ್ರವನ್ನು ಆ ಮೊದಲ ದಿನವೇ ಕೆಡಿಸಿದ್ದು ಬರವಣಿಗೆ. ಎರಡೂ ಸೇರಿ ಮೂರೂವರೆ ಗಂಟೆಯೂ ಇಲ್ಲ, ಒಂದು ಭಾನುವಾರ ಸಾಕು.

ಇನ್ನೊಂದು ಜೋಡಿ ಪ್ಯಾಟ್ರಿಕ್ ಟ್ರೌಟನ್ ಕಾಲದ್ದು, ಎರಡೂ ಒಂದೇ ಸೀಸನ್ನಿನವು. 1967ರ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಕಳೆದುಹೋಗಿತ್ತು. ನೋಡಿದ್ದವರೆಲ್ಲ ಅದರಂಥದ್ದು ಇಲ್ಲ ಅನ್ನುತ್ತಿದ್ದರು. ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿ 1992ರಲ್ಲಿ ವಿಡಿಯೊ ಕ್ಯಾಸೆಟ್ ಬಂತು. ಸೈಬರ್‌ಮೆನ್ (ಯಂತ್ರವಾಗಿ ಮಾರ್ಪಟ್ಟ ಮನುಷ್ಯರು) ಜೇನುಗೂಡಿನಂಥ ಗೋಡೆಯ ಪೊರೆ ಹರಿದು ಹೊರಬರುವ ದೃಶ್ಯ ಈಗಲೂ ಮೈ ಜುಂ ಅನಿಸುತ್ತದೆ. ಆದರೆ ಟೋಬರ್‌ಮನ್ ಎಂಬ ಕಪ್ಪು ಮನುಷ್ಯನಿಗೆ ಬಲ ಇದೆ, ಮಾತು ಹೆಚ್ಚುಕಡಿಮೆ ಇಲ್ಲ, ಮಾಲೀಕರ ಹಿಂದೆ ನಿಲ್ಲುವುದೇ ಕೆಲಸ. ಇದು ಯಾರ ನೆನಪಲ್ಲೂ ಇದ್ದಂತಿರಲಿಲ್ಲ. ‘ದಿ ಎನಿಮಿ ಆಫ್ ದಿ ವರ್ಲ್ಡ್’ದು ಉಲ್ಟಾ. ಅದರ ಒಂದೇ ಕಂತು ಉಳಿದಿತ್ತು. ರಾಕ್ಷಸರಿಲ್ಲದ, ನೀರಸ ಕಥೆ ಅಂತ ಬದಿಗಿಟ್ಟಿದ್ದರು. 2013ರಲ್ಲಿ ನೈಜೀರಿಯಾದಲ್ಲಿ ಉಳಿದ ಕಂತುಗಳೂ ಸಿಕ್ಕವು. ಟ್ರೌಟನ್ ಡಾಕ್ಟರನೂ ಹೌದು, ಸಾಲಮ್ಯಾಂಡರ್ ಎಂಬ ಖಳನೂ ಹೌದು. ಆ ಎರಡು ಪಾತ್ರದ ನಡಿಗೆ, ಕಣ್ಣು, ಉಚ್ಚಾರ ನೋಡಿದಮೇಲೆ ಬದಿಗಿಟ್ಟವರೇ ಎತ್ತಿ ಹೊಗಳಿದರು. 1980ರ ದಶಕದ ನಿರ್ಮಾಪಕ ಜಾನ್ ನೇಥನ್-ಟರ್ನರ್, ಹಳೆಯದೇ ಚೆನ್ನಾಗಿತ್ತು ಎನ್ನುವವರಿಗೆ ನೆನಪು ಮೋಸ ಮಾಡುತ್ತದೆ ಅಂತ ಉತ್ತರ ಕೊಡುತ್ತಿದ್ದರು. ಅದು ಎರಡೂ ಕಡೆ ಮೋಸ ಮಾಡುತ್ತದೆ ಅನ್ನೋದಕ್ಕೆ ಈ ಜೋಡಿಯೇ ಸಾಕ್ಷಿ.

ಹೊಸದರಲ್ಲಿ ‘ಲವ್ ಅಂಡ್ ಮಾನ್‌ಸ್ಟರ್ಸ್’ (2006) ಮತ್ತು ‘ಬ್ಲಿಂಕ್’ (2007). ಶೂಟಿಂಗ್ ವೇಳಾಪಟ್ಟಿಯ ಒತ್ತಡಕ್ಕೆ ಎರಡರಲ್ಲೂ ಡಾಕ್ಟರ್ ಇರುವುದು ಸ್ವಲ್ಪವೇ. ‘ಬ್ಲಿಂಕ್’ನಲ್ಲಿ ಹುಡುಗಿಯೊಬ್ಬಳು ಪಾಳು ಮನೆಯ ಗೋಡೆಯ ಕಾಗದ ಕಿತ್ತರೆ ಒಳಗೆ ಅವಳ ಹೆಸರೇ ಬರೆದಿದೆ. ಎಲ್ಲರಿಗೂ ಅಚ್ಚುಮೆಚ್ಚು. ಮೊದಲನೆಯದನ್ನು ಬೈಯದವರಿಲ್ಲ. ಆದರೆ ಅದು ಡಾಕ್ಟರನ ಹಿಂದೆ ಬಿದ್ದ ಅಭಿಮಾನಿಗಳ ಪುಟ್ಟ ಗುಂಪಿನ ಕಥೆ. ಸೇರುತ್ತಾರೆ, ಹರಟುತ್ತಾರೆ, ಹಾಡುತ್ತಾರೆ. ಒಬ್ಬ ದರ್ಪದವನು ಬಂದು ಎಲ್ಲವನ್ನೂ ಕೆಲಸವಾಗಿ ಮಾರ್ಪಡಿಸುತ್ತಾನೆ, ಒಬ್ಬೊಬ್ಬರನ್ನೇ ನುಂಗುತ್ತಾನೆ. ರಾಕ್ಷಸನ ವೇಷ ಕಳಪೆಯೇ. ಅಭಿಮಾನಿ ಬಳಗದಲ್ಲಿ ಇದ್ದವರಿಗೆ ಮಾತ್ರ ಈ ಕಥೆ ಎಲ್ಲೋ ಚುಚ್ಚುತ್ತದೆ.

ಬಳಗ ಕಟ್ಟಿಕೊಂಡು ನೋಡುವವರು ‘ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ (1977) ಹಾಕುವ ಮೊದಲು ಎಲ್ಲರಿಗೂ ಹೇಳಿ ಹಾಕಿ. ಸಂಭಾಷಣೆ ಸರಣಿಯಲ್ಲೇ ಅತ್ಯುತ್ತಮ ಅಂತ ಹೆಸರಾದದ್ದು. ಅದರಲ್ಲಿ ಒಂದು ದೈತ್ಯ ಇಲಿ ಇದೆ, ಮಕ್ಕಳ ಗೊಂಬೆಯಂತಿದೆ. ಚೀನೀ ಪಾತ್ರವನ್ನು ಬಿಳಿಯ ನಟ ಮುಖಕ್ಕೆ ಮೇಕಪ್ ಹಚ್ಚಿ ಮಾಡಿದ್ದಾರೆ. ಇಲಿಯನ್ನು ನಕ್ಕು ಬಿಡಬಹುದು, ಮೇಕಪ್ಪನ್ನು ಬಿಡಲಾಗದು.

ಎಷ್ಟು ವೇಗ?

ದಾರಿ ಯಾವುದೇ ಇರಲಿ, ಹಳೆಯದನ್ನು ಒಂದೇ ಸಲ ಕೂತು ಮುಗಿಸಬೇಡಿ. ವಾರಕ್ಕೊಂದು ಕಂತು ಬರುತ್ತದೆ, ಹಿಂದಿನದು ಮರೆತಿರುತ್ತದೆ ಎಂಬ ಲೆಕ್ಕದಲ್ಲಿ ಬರೆದವು ಅವು. ಆರು ಕಂತು ಒಟ್ಟಿಗೆ ನೋಡಿದರೆ ‘ಹಿಡಿಯುತ್ತಾರೆ, ತಪ್ಪಿಸಿಕೊಳ್ಳುತ್ತಾರೆ, ಮತ್ತೆ ಹಿಡಿಯುತ್ತಾರೆ’ ಅಷ್ಟೇ ಕಾಣುತ್ತದೆ. ದಿನಕ್ಕೊಂದು ನೋಡಿ. ಕಥೆ ಎಳೆದಿದ್ದಾರೆ ಅನ್ನುವ ದೂರು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಹೊಸದಕ್ಕೆ ಈ ನಿಯಮ ಬೇಕಿಲ್ಲ.

ಯಾರಿಗೆ ಯಾವುದು

ಒಬ್ಬರೇ, ನಿಧಾನಕ್ಕೆ, ಟಿವಿ ಇತಿಹಾಸದ ಹುಚ್ಚು ಇದ್ದರೆ 1963. ಮಕ್ಕಳೊಂದಿಗೆ 2005. ಒಂದು ಪೆಟ್ಟಿಗೆಗಷ್ಟೇ ದುಡ್ಡಿದ್ದರೆ ಟಾಮ್ ಬೇಕರ್ ಅವರ ಮೊದಲ ಸೀಸನ್. ಅದರಲ್ಲಿ ‘ಆರ್ಕ್ ಇನ್ ಸ್ಪೇಸ್’, ‘ಜೆನೆಸಿಸ್’ ಎರಡೂ ಇವೆ. ಡಿಸ್ಕ್‌ಗೆ ದುಡ್ಡು ಹಾಕುವುದಿಲ್ಲ ಅಂದರೆ, ಟಾರ್ಗೆಟ್ ಪ್ರಕಾಶನ 1973ರಿಂದ ಹೊರತಂದ ಕಾದಂಬರಿ ರೂಪದ ತೆಳು ಪುಸ್ತಕಗಳು ಹಳೆ ಪುಸ್ತಕದಂಗಡಿಯಲ್ಲಿ ಕಂಡರೆ ಬಿಡಬೇಡಿ. ಮನೆಯಲ್ಲಿ ವಿಡಿಯೊ ಇಲ್ಲದ ಕಾಲದಲ್ಲಿ ಅಭಿಮಾನಿಗಳು ಕಥೆಗಳನ್ನು ‘ಮತ್ತೆ ನೋಡಿದ್ದು’ ಅವುಗಳಲ್ಲೇ.

ಒಂದೇ ಸಂಜೆ ಇದೆ, ನಾಲ್ಕು ಜನ ಸೇರಿದ್ದೀರಿ, ಒಬ್ಬರಿಗೂ ಸರಣಿ ಗೊತ್ತಿಲ್ಲ ಅಂದರೆ ವಿನಯ್ ಪಟೇಲ್ ಬರೆದ ‘ಡೀಮನ್ಸ್ ಆಫ್ ದಿ ಪಂಜಾಬ್’ (2018) ಹಾಕಿ. 1947ರ ಆಗಸ್ಟ್, ಗಡಿ ಗೆರೆ ಬೀಳುತ್ತಿರುವ ಒಂದು ಊರು, ಒಂದು ಹಿಂದೂ–ಮುಸ್ಲಿಂ ಮದುವೆ. ಚಿತ್ರೀಕರಣ ಆಗಿದ್ದು ಸ್ಪೇನ್‌ನಲ್ಲಿ, ಮಣ್ಣಿನ ಬಣ್ಣ ನೋಡಿ ನಮ್ಮವರಿಗೆ ಅನುಮಾನ ಬರಬಹುದು. ರಾಕ್ಷಸರು ಅಂದುಕೊಂಡವರು ಕೊಲ್ಲಲು ಬಂದವರಲ್ಲ, ಯಾರೂ ಗಮನಿಸದೆ ಸಾಯುವವರ ಪಕ್ಕ ನಿಲ್ಲಲು ಬಂದವರು. ಡಾಕ್ಟರ್ (ಈ ಹೊತ್ತಿಗೆ ಹೆಣ್ಣಿನ ರೂಪ) ಏನೂ ಮಾಡದೆ ಅಲ್ಲಿಂದ ಹೊರಟುಬಿಡುತ್ತಾಳೆ. ಅದು ಕಥೆಯ ದೋಷವೋ ಅದೇ ಕಥೆಯೋ ಅಂತ ಊಟದ ಹೊತ್ತಿಗೆ ನಾಲ್ವರಲ್ಲಿ ಎರಡು ಪಕ್ಷ ಆಗಿರುತ್ತದೆ. ನಾನು ಎರಡನೇ ಪಕ್ಷ.